ರೊಟ್ಟಿ ಎಣಿಸುವ ಮುಂಚೆ ತೂಗಿ ನೋಡಿ: ಆಹಾರ ಸಮೀಕ್ಷೆಯ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಇವರಿಗೆ,
ಮುಖ್ಯಸ್ಥರು,
ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ವಯಸ್ಕರ ಆಹಾರ ಸಮೀಕ್ಷೆ ನಡೆಸುತ್ತಿರುವ ಸಂಸ್ಥೆ

ವಿಷಯ: ಆಹಾರ ಪ್ರಶ್ನಾವಳಿಯನ್ನು ನಮ್ಮ ಭಾಗದಲ್ಲಿ ಪರೀಕ್ಷಿಸದೆ ಬಳಸುತ್ತಿರುವ ಬಗ್ಗೆ

ಮಾನ್ಯರೇ,

ನಾನು ಲಿಂಗಸುಗೂರು ತಾಲ್ಲೂಕಿನವಳು. ಗೃಹವಿಜ್ಞಾನ ಓದಿದ್ದೇನೆ. ಕಳೆದ ಆಷಾಢದಿಂದ ಈ ಮಾಘದವರೆಗೆ ನಿಮ್ಮ ಸಮೀಕ್ಷೆಯ ಸಂದರ್ಶಕಿಯಾಗಿ, ಹೆಗಲಿಗೆ ಟ್ಯಾಬ್ ಚೀಲ ಹಾಕಿಕೊಂಡು ಮನೆಮನೆಗೆ ತಿರುಗಿದ್ದೇನೆ. ಈ ಪತ್ರದಲ್ಲಿರುವ ಮಾತುಗಳನ್ನು ಮೊದಲು ನಮ್ಮ ಮೇಲ್ವಿಚಾರಕರಿಗೆ ಬಾಯಿಮಾತಿನಲ್ಲಿ ಹೇಳಿದೆ, ಆಮೇಲೆ ಎರಡು ಸಲ ಬರೆದುಕೊಟ್ಟೆ. "ಮ್ಯಾಲೆ ಕಳಿಸೀನಿ" ಎಂದರು. ಮೇಲಿಂದ ಏನೂ ಬರಲಿಲ್ಲ. ಯುಗಾದಿ ಆದ ಮೇಲೆ ಎರಡನೇ ಸುತ್ತು ಇದೇ ಪ್ರಶ್ನಾವಳಿಯಿಂದ ಶುರುವಾಗುತ್ತದೆ ಎಂದು ತಿಳಿದಾಗ ಬಹಿರಂಗವಾಗಿ ಬರೆಯುವುದೇ ಸರಿ ಎನ್ನಿಸಿತು. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾರನ್ನೂ ಅವಮಾನಿಸುವುದು ನನ್ನ ಉದ್ದೇಶವಲ್ಲ. ನಮ್ಮ ಜನ ಏನು ಉಣ್ಣುತ್ತಾರೆ ಎಂಬುದು ಕಾಗದದ ಮೇಲೆ ಸರಿಯಾಗಿ ಬರಬೇಕು, ಅಷ್ಟೇ.

ಮೊದಲು ರೊಟ್ಟಿಯ ವಿಷಯ.

ನಿಮ್ಮ ಪ್ರಶ್ನಾವಳಿಯಲ್ಲಿ "ರೊಟ್ಟಿ/ಚಪಾತಿ: ದಿನಕ್ಕೆ ಎಷ್ಟು?" ಎಂದು ಒಂದೇ ಸಾಲು ಇದೆ. ಉತ್ತರವಾಗಿ ಒಂದು ಸಂಖ್ಯೆ ಬರೆಯಬೇಕು. ಒಂದು ರೊಟ್ಟಿ ಎಂದರೆ 40 ಗ್ರಾಂ ಗೋಧಿ ಹಿಟ್ಟು ಎಂದು ಲೆಕ್ಕ ಹಿಡಿಯಲಾಗಿದೆ ಎಂಬುದು ತರಬೇತಿಯ ದಿನ ಕೊಟ್ಟ ಹಾಳೆಯಲ್ಲೇ ಇತ್ತು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೆಳಗಿನ ಹೊತ್ತು, ಒಬ್ಬ ಅಜ್ಜಿಯ ಒಲೆ ಮುಂದೆ ಕೂತು ಈ ಪ್ರಶ್ನೆ ಕೇಳಿದೆ. ಆಕೆ ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ನೋಡಿದಳು. "ಯಾವ ರೊಟ್ಟಿ ಕೇಳ್ತೀಯವ್ವ? ಬಿಸಿ ರೊಟ್ಟಿಯೋ, ಖಡಕ್ ರೊಟ್ಟಿಯೋ? ಜ್ವಾಳದ್ದೋ, ಸಜ್ಜಿದೋ?" ಎಂದಳು. ನನ್ನ ಟ್ಯಾಬಿನಲ್ಲಿ ಆ ನಾಲ್ಕಕ್ಕೂ ಜಾಗವಿರಲಿಲ್ಲ.

ಮಾರನೆಯ ದಿನ ನಮ್ಮ ಮನೆಯ ಅಡುಗೆ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಆ ಅಜ್ಜಿಯ ಬಿಸಿ ರೊಟ್ಟಿ 96 ಗ್ರಾಂ ತೂಗಿತು. ಅದೇ ಮನೆಯ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಖಡಕ್ ರೊಟ್ಟಿ 41 ಗ್ರಾಂ. ಎರಡು ಮನೆ ಆಚೆ ಬಿಸಿ ರೊಟ್ಟಿಯೇ 130 ಗ್ರಾಂ ಬಂತು, ಏಕೆಂದರೆ ಅಲ್ಲಿ ಹೊಲದ ಬುತ್ತಿಗೆ ದಪ್ಪ ಬಡಿಯುತ್ತಾರೆ. ತಕ್ಕಡಿ ಇದ್ದರೂ ಕೆಲಸ ಮುಗಿಯಲಿಲ್ಲ. ಖಡಕ್ ರೊಟ್ಟಿಯ ನೀರೆಲ್ಲ ಹಂಚಿನ ಮೇಲೇ ಆರಿಹೋಗಿರುತ್ತದೆ, ಉಳಿದದ್ದು ಬಹುಪಾಲು ಹಿಟ್ಟು. ಬಿಸಿ ರೊಟ್ಟಿಯ ತೂಕದಲ್ಲಿ ದೊಡ್ಡ ಪಾಲು ನೀರು. ಹಾಗಾಗಿ ಎಷ್ಟು ರೊಟ್ಟಿ, ಎಷ್ಟು ತೂಕ, ಯಾವ ನಮೂನೆಯದು, ಯಾವ ಕಾಳಿನದು ಎಂಬ ನಾಲ್ಕೂ ಗೊತ್ತಾಗದೆ ಒಬ್ಬರ ಹೊಟ್ಟೆಗೆ ಎಷ್ಟು ಹಿಟ್ಟು ಹೋಯಿತೆಂದು ಹೇಳಲಾಗದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಕೋಷ್ಟಕದಲ್ಲಿ 528 ಆಹಾರಗಳ ವಿವರವಿದೆ. ಅದರ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಕಬ್ಬಿಣಾಂಶ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6 ಮಿಲಿಗ್ರಾಂಗೂ ಹೆಚ್ಚು. ಸಂಕ್ರಾಂತಿಯ ದಿನಗಳಲ್ಲಿ ಸಜ್ಜಿ ರೊಟ್ಟಿ ತಿನ್ನುವ ಹೆಂಗಸಿನ ಕಬ್ಬಿಣಾಂಶವನ್ನು ಗೋಧಿಯ ಲೆಕ್ಕದಲ್ಲಿ ಬರೆದು, ಆಮೇಲೆ ಈ ಭಾಗದ ರಕ್ತಹೀನತೆಯ ಬಗ್ಗೆ ಆ ಲೆಕ್ಕದಿಂದಲೇ ಮಾತನಾಡುವುದು ಯಾವ ನ್ಯಾಯ?

ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಚುಚ್ಚಿದ್ದು ಬೇರೆ. ಜೋಳ ಕೊಯ್ಯುವ ಕೆಲಸಕ್ಕೆ ಹೋಗುವ ಒಬ್ಬ ಅಣ್ಣ, ಮುಂಜಾನೆ ನಾಲ್ಕು, ಹೊಲದಲ್ಲಿ ಐದು, ರಾತ್ರಿ ಮೂರು ಎಂದು ಬೆರಳು ಮಡಚಿ ಎಣಿಸಿ ಹೇಳಿದ. ಹನ್ನೆರಡು ಎಂದು ಒತ್ತಿದೆ. ಟ್ಯಾಬ್ ಕೆಂಪಾಯಿತು. ಎಂಟಕ್ಕಿಂತ ಹೆಚ್ಚು ಬರೆದರೆ ಅದು ಮುಂದಕ್ಕೆ ಹೋಗುವುದಿಲ್ಲ. ಫೋನ್ ಮಾಡಿದರೆ ಮೇಲ್ವಿಚಾರಕರು "ಎಂಟು ಹಾಕಿ ಮುಂದ ಹೋಗ್ರಿ" ಎಂದರು. ನಾನು ಎಂಟು ಹಾಕಿದೆ. ದುಡಿದು ತಿಂದ ಮನುಷ್ಯನ ನಾಲ್ಕು ರೊಟ್ಟಿಯನ್ನು ನನ್ನ ಕೈಯಾರೆ ಕಿತ್ತು ತೆಗೆದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಇಲ್ಲಿ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಅಂಥ ಎಷ್ಟು ಎಂಟುಗಳು ನಿಮ್ಮ ಲೆಕ್ಕದಲ್ಲಿ ಸೇರಿವೆಯೋ ನೀವೇ ತೆಗೆದು ನೋಡಬೇಕು.

ಇನ್ನು ಭಾಷೆ. "ಹಸಿರೆಲೆ ತರಕಾರಿಗಳನ್ನು ವಾರಕ್ಕೆ ಎಷ್ಟು ಬಾರಿ ಸೇವಿಸುತ್ತೀರಿ?" ಎಂದು ಪ್ರಶ್ನಾವಳಿ ಕೇಳುತ್ತದೆ. ನಮ್ಮ ಕಡೆ ತರಕಾರಿ ಎಂದರೆ ಸಂತೆಯಿಂದ ದುಡ್ಡು ಕೊಟ್ಟು ತಂದ ಬದನೆಕಾಯಿ, ಹೀರೇಕಾಯಿ, ಟೊಮೆಟೊ. ಪುಂಡಿ, ರಾಜಗಿರಿ, ಮೆಂತ್ಯ ಇವೆಲ್ಲ ತಪ್ಪಲಪಲ್ಯ. "ತರಕಾರಿ ಎಲ್ಲಿ ತಿಂತೀವಿ ತಂಗಿ, ವಾರಕ್ಕೊಮ್ಮೆ ಸಂತಿಗಿ ಹೋದ್ರ ತರ್ತೀವಿ" ಎಂದು ಹೇಳಿದ ಅಕ್ಕನ ಮನೆಯಲ್ಲಿ, ನಾನು ಕೂತಿದ್ದ ಕಟ್ಟೆಯ ಪಕ್ಕದಲ್ಲೇ ಮೊರದ ತುಂಬ ಪುಂಡಿಸೊಪ್ಪು ಬಿಡಿಸಿಟ್ಟಿತ್ತು. ಅದಕ್ಕೆ ತೊಗರಿಬೇಳೆಯೋ ಜೋಳದ ನುಚ್ಚೋ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎರಡು ಹೊತ್ತಿನ ಪಲ್ಯ. ಹಿತ್ತಲಲ್ಲೇ ಬೆಳೆದಿದ್ದಕ್ಕೆ ದುಡ್ಡು ಕೊಟ್ಟಿಲ್ಲ, ಆದ್ದರಿಂದ ಅದು ಆಕೆಯ ಬಾಯಲ್ಲಿ ತರಕಾರಿ ಆಗಲಿಲ್ಲ. ನಮೂನೆಯಲ್ಲಿ "ವಾರಕ್ಕೆ ಒಂದು ಬಾರಿ" ಎಂದು ಬಿತ್ತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಸಿಗುವ ಹಕ್ಕರಕಿಯನ್ನು ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಾರೆ. ಹಾಗೆ ತಿಂದದ್ದನ್ನು ಯಾರೂ ಅಡುಗೆ ಎಂದು ಲೆಕ್ಕ ಹಿಡಿಯುವುದಿಲ್ಲ. ಬಾರೀಹಣ್ಣು, ಸೀತಾಫಲ ತಿಂದವರೂ "ಹಣ್ಣು ತಿಂದಿಲ್ಲ" ಎಂದೇ ಹೇಳುತ್ತಾರೆ, ಏಕೆಂದರೆ ಹಣ್ಣೆಂದರೆ ಅವರಿಗೆ ಅಂಗಡಿಯ ಬಾಳೆಹಣ್ಣು, ಸೇಬು.

ಗುರೆಳ್ಳು ಪುಡಿ, ಅಗಸಿ ಪುಡಿ, ಶೇಂಗಾ ಹಿಂಡಿ ಇವು ನಿಮ್ಮ ಪಟ್ಟಿಯಲ್ಲಿ "ಚಟ್ನಿ, ಉಪ್ಪಿನಕಾಯಿ ಇತ್ಯಾದಿ" ಎಂಬ ಸಾಲಿಗೆ ಹೋಗುತ್ತವೆ. ಆ ಸಾಲಿಗೆ ಪೋಷಕಾಂಶದ ಲೆಕ್ಕವೇ ಇಲ್ಲ. ಮಹಿಳೆಯರ ಆಹಾರ ವೈವಿಧ್ಯ ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಬಳಸುವ ಕ್ರಮದಲ್ಲಿ ಹತ್ತು ಆಹಾರ ಗುಂಪುಗಳಿವೆ. ಹಿಂದಿನ ದಿನ ಅವುಗಳಲ್ಲಿ ಕನಿಷ್ಠ ಐದನ್ನು ತಿಂದಿದ್ದಾರೆಯೇ ಎಂದು ನೋಡುತ್ತಾರೆ. ಬೀಜ ಮತ್ತು ಎಣ್ಣೆಕಾಳುಗಳಿಗೆ ಅಲ್ಲಿ ಪ್ರತ್ಯೇಕ ಗುಂಪೇ ಇದೆ. ರುಚಿಗೆಂದು ಚಿಟಿಕೆಯಷ್ಟು ಉದುರಿಸಿಕೊಂಡರೆ ಎಣಿಸಬಾರದು ಎಂಬ ನಿಯಮ ನನಗೂ ಒಪ್ಪಿಗೆ. ಆದರೆ ಪಲ್ಯ ಮಾಡಲು ಏನೂ ಇಲ್ಲದ ದಿನ ಎರಡು ಮೂರು ಚಮಚ ಗುರೆಳ್ಳು ಪುಡಿಗೆ ಎಣ್ಣೆ ಕಲಸಿಕೊಂಡು ನಾಲ್ಕು ರೊಟ್ಟಿ ತಿನ್ನುವ ಮನೆಯಲ್ಲಿ ಅದೇ ಪಲ್ಯ. ಅದನ್ನು ಉಪ್ಪಿನಕಾಯಿ ಸಾಲಿಗೆ ಸೇರಿಸಿದರೆ ಆ ಮನೆಯ ಹೆಂಗಸಿನ ಐದು ಗುಂಪು ನಾಲ್ಕಾಗುತ್ತದೆ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಊಟದಲ್ಲಿ ಎಲ್ಲವೂ ತುಂಬಿ ತುಳುಕುತ್ತಿದೆ ಎಂದು ವಾದಿಸಲು ನಾನು ಬಂದಿಲ್ಲ. ಕೊರತೆ ಇದೆ, ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಮನೆಗಳಲ್ಲಿ ಹಾಲು ಚಹಾಕ್ಕೆ ಮಾತ್ರ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದ್ದು ಅಪೌಷ್ಟಿಕತೆಯ ಅಂಕಿಗಳನ್ನು ಮುಂದಿಟ್ಟುಕೊಂಡೇ. ಅಂಕಿ ಎಂದರೆ ನಮ್ಮಂಥ ಜಿಲ್ಲೆಗೆ ಬರೀ ಕಾಗದವಲ್ಲ, ಒಂದು ಮಗುವಿನ ತಟ್ಟೆಗೆ ಮೊಟ್ಟೆ ಬರುವ ದಾರಿ ಅದು. ಇದ್ದದ್ದನ್ನು ಇಲ್ಲವೆಂದು ಬರೆದರೆ "ಸೊಪ್ಪು ತಿನ್ನಿ" ಎಂಬ ಉಪದೇಶದ ಪೋಸ್ಟರ್ ನಮ್ಮೂರ ಪಂಚಾಯಿತಿ ಗೋಡೆಗೆ ಬರುತ್ತದೆ. ನಿಜವಾಗಿ ಇಲ್ಲದ ಹಾಲು, ಹಣ್ಣು, ಮೊಟ್ಟೆ ಹಾಗೆಯೇ ಇಲ್ಲದೆ ಉಳಿಯುತ್ತವೆ.

ಮಾಂಸದ ಪ್ರಶ್ನೆಯನ್ನು ಕಟ್ಟೆಯ ಮೇಲೆ ಕೂತು, ಅಕ್ಕಪಕ್ಕದವರು ಕೇಳುತ್ತಿರುವಾಗ ಕೇಳಬಾರದು. ಯಾವ ಪ್ರಾಣಿಯ ಮಾಂಸ ಎಂಬ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಎಷ್ಟು ಭಾರವಿದೆ ಎಂದು ನಾನು ವಿವರಿಸಬೇಕಾಗಿಲ್ಲ. ನೆರೆಯವರು ಇದ್ದಾಗ "ಇಲ್ಲ" ಎಂದಿದ್ದ ಒಬ್ಬ ತಾಯಿ, ನಾನು ನೀರು ಕುಡಿಯಲು ಒಳಗೆ ಹೋದಾಗ ಮೆಲ್ಲಗೆ ನಿಜ ಹೇಳಿದಳು. ಅಷ್ಟರಲ್ಲಿ ನಮೂನೆ ಸಲ್ಲಿಕೆಯಾಗಿತ್ತು, ತಿದ್ದಲು ಅವಕಾಶವಿರಲಿಲ್ಲ.

ಹೆಂಗಸರ ಊಟದ ಬಗ್ಗೆ ಇನ್ನೂ ಹೇಳಬೇಕಾದ್ದಿದೆ. "ನೀವು ಎಷ್ಟು ಬಟ್ಟಲು ಸಾರು ಉಂಡಿರಿ?" ಎಂದರೆ ಬರುವ ಉತ್ತರ "ಎಲ್ಲಾರೂ ಉಂಡ ಮ್ಯಾಲೆ ಎಷ್ಟ್ ಉಳಿದಿತ್ತೋ ಅಷ್ಟು." ಇದು ನುಣುಚಿಕೊಳ್ಳುವ ಉತ್ತರವಲ್ಲ, ಸತ್ಯವೇ ಅದು. ಸಾರು ಬಟ್ಟಲಿಗೆ ಬರುವುದೇ ಇಲ್ಲ, ಪಾತ್ರೆಯ ತಳದಲ್ಲೇ ರೊಟ್ಟಿ ಮುರಿದು ಹಾಕಿ ಕಲಸಿಕೊಳ್ಳುತ್ತಾರೆ. ರೊಟ್ಟಿ ಬಡಿಯುತ್ತಾ ಒಲೆ ಮುಂದೆ ಮುರಿದು ಬಾಯಿಗೆ ಹಾಕಿಕೊಂಡ ಚೂರು, ಮೊಮ್ಮಗನಿಗೆ ಕೊಟ್ಟ ಅರ್ಧ, ಇವು ಯಾವ ಸಾಲಿನಲ್ಲೂ ಇಲ್ಲ. ಹಿಂದೆ, 1972ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣಾ ನಿಗಾ ಮಂಡಳಿಯ ಸಮೀಕ್ಷೆಗಳಲ್ಲಿ ಅಳತೆ ಬಟ್ಟಲುಗಳ ಒಂದು ಸೆಟ್ಟನ್ನೇ ಹೊತ್ತು ಮನೆಗೆ ಹೋಗುತ್ತಿದ್ದರು. ಬೇಯಿಸಿದ ಒಟ್ಟು ಅಡುಗೆ ಎಷ್ಟು, ಅದರಲ್ಲಿ ಯಾರು ಎಷ್ಟು ತೆಗೆದುಕೊಂಡರು ಎಂದು ಅಳೆಯುತ್ತಿದ್ದರು ಎಂದು ಕಾಲೇಜಿನಲ್ಲಿ ಓದಿದ್ದೆ. ನಮಗೆ ಕೊಟ್ಟಿದ್ದು ಟ್ಯಾಬಿನಲ್ಲಿ ಒಂದು ಪಿಂಗಾಣಿ ಬಟ್ಟಲಿನ ಚಿತ್ರ. ಅಂಥ ಬಟ್ಟಲನ್ನು ನಾನು ಹೋದ ಯಾವ ಮನೆಯಲ್ಲೂ ಕಾಣಲಿಲ್ಲ. ಎಣ್ಣೆಯದೂ ಅದೇ ಕಥೆ. ದಿನಕ್ಕೆ ಎಷ್ಟು ಚಮಚ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ತಿಂಗಳಿಗೆ ಎಷ್ಟು ಪ್ಯಾಕೆಟ್ ತರ್ತೀರಿ, ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂದು ಕೇಳಿದರೆ ಚಿಕ್ಕ ಹುಡುಗಿಯೂ ಹೇಳುತ್ತಾಳೆ.

ಈಗ ಗುಳೆಯ ಮಾತಿಗೆ ಬರುತ್ತೇನೆ. ನನ್ನ ದೂರುಗಳಲ್ಲಿ ಇದೇ ದೊಡ್ಡದು.

ನಿಮ್ಮ ಪ್ರಶ್ನೆಗಳೆಲ್ಲ "ಕಳೆದ ಒಂದು ವರ್ಷದಲ್ಲಿ ಸರಾಸರಿ" ಎಂದು ಶುರುವಾಗುತ್ತವೆ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯ ಊರುಗಳಲ್ಲಿ ಭತ್ತದ ಗದ್ದೆ, ಮನೆಯಲ್ಲಿ ಅನ್ನ. ದೇವದುರ್ಗ, ಕುಷ್ಟಗಿ, ಯಲಬುರ್ಗಾದ ಒಣ ಬೇಸಾಯದ ಊರುಗಳಲ್ಲಿ ಹಿಂಗಾರಿ ಕೊಯ್ಲು ಮುಗಿದ ಮೇಲೆ ಕೆಲಸವಿಲ್ಲ, ಜನ ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಹೋಗುತ್ತಾರೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯಲು ಹೊತ್ತೂ ಇಲ್ಲ, ಜೋಳವೂ ಇಲ್ಲ. ಮೂರು ಹೊತ್ತೂ ಅನ್ನ, ನೀರು ಸಾರು. ನಾಲ್ಕು ತಿಂಗಳು ಹಾಗೆ ಉಂಡು, ಎಂಟು ತಿಂಗಳು ಊರಲ್ಲಿ ರೊಟ್ಟಿ ತಿಂದವನಿಗೆ "ಸರಾಸರಿ ಹೇಳ್ರಿ" ಎಂದರೆ ಅವನು ಯಾವ ಊಟವನ್ನು ನೆನಪು ಮಾಡಿಕೊಳ್ಳಬೇಕು? ನೆನಪಾಗುವುದು ನಿನ್ನೆ ಮೊನ್ನೆಯದು. ಅದನ್ನೇ ವರ್ಷದ್ದೆಂದು ಬರೆದುಕೊಂಡು ಬಂದೆವು.

ಇದಕ್ಕಿಂತ ಕೆಟ್ಟದ್ದು ಬೀಗ ಹಾಕಿದ ಮನೆಗಳ ಸಂಗತಿ. ಆಯ್ಕೆಯಾದ ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಹೋಗಿ ಎಂಬ ಸೂಚನೆ ನಮಗಿತ್ತು. ಒಂದು ತಾಂಡಾದಲ್ಲಿ ನನ್ನ ಪಟ್ಟಿಯಲ್ಲಿದ್ದ ಹನ್ನೊಂದು ಮನೆಗಳ ಪೈಕಿ ಆರಕ್ಕೆ ಬೀಗ. ಬಾಗಿಲ ಮುಂದೆ ಒಲೆಯ ಮೂರು ಕಲ್ಲು ಮಾತ್ರ ಉಳಿದಿದ್ದವು. ಪಕ್ಕದಲ್ಲಿ ಬಾಗಿಲು ತೆರೆದಿದ್ದ ಮನೆ ಯಾವುದು? ನೀರಾವರಿ ಜಮೀನಿದ್ದವರದು, ಸರ್ಕಾರಿ ನೌಕರಿ ಇದ್ದವರದು, ಎಮ್ಮೆ ಕಟ್ಟಿದವರದು. ಹಸಿದವರು ಊರು ಬಿಟ್ಟು ಹೋದಾಗ ಅವರ ಬದಲಿಗೆ ಉಂಡವರನ್ನು ಎಣಿಸಿ ಬಂದೆವು. ಇನ್ನು ಯಾವ ಲೆಕ್ಕಶಾಸ್ತ್ರವೂ ಆ ಆರು ಮನೆಗಳನ್ನು ವಾಪಸ್ ತರುವುದಿಲ್ಲ.

ತರಬೇತಿಯಲ್ಲಿ ನಾನು ಎದ್ದು ನಿಂತು ಕೇಳಿದ್ದೆ, ಈ ಪ್ರಶ್ನಾವಳಿಯನ್ನು ಎಲ್ಲಿ ಪರೀಕ್ಷಿಸಿದ್ದೀರಿ ಎಂದು. "ಇದು ವ್ಯಾಲಿಡೇಟ್ ಆದದ್ದೇ" ಎಂಬ ಉತ್ತರ ಬಂತು. ಮತ್ತೆ ಕೇಳಿದಾಗ ತಿಳಿದದ್ದು, ಅದು ಬೇರೆ ರಾಜ್ಯದ ಒಂದು ದೊಡ್ಡ ನಗರದಲ್ಲಿ ಪರೀಕ್ಷೆಯಾದದ್ದು, ನಮಗಾಗಿ ಕನ್ನಡಕ್ಕೆ ಅನುವಾದ ಮಾತ್ರ ಆಗಿದೆ. ಮಾನ್ಯರೇ, ತಕ್ಕಡಿಗೆ ಒಮ್ಮೆ ಮುದ್ರೆ ಒತ್ತಿದರೆ ಎಲ್ಲ ಸಂತೆಯಲ್ಲೂ ನಡೆಯುತ್ತದೆ, ಪ್ರಶ್ನಾವಳಿ ಹಾಗಲ್ಲ. ಅದು ಸರಿಯೋ ತಪ್ಪೋ ಎಂಬುದು ಅದನ್ನು ಯಾರಿಗೆ ಕೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಈ ಬಗೆಯ ಪ್ರಶ್ನಾವಳಿಗಳಿಗೆ ಮಾದರಿಯಾದ ಒಂದನ್ನು ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು ರೂಪಿಸಿದರು. ಅದರ ಪರೀಕ್ಷೆಯ ವರದಿ 1985ರಲ್ಲಿ ಬಂತು. ಇದ್ದದ್ದು 61 ಆಹಾರಗಳ ಪಟ್ಟಿ. ಅಷ್ಟಕ್ಕೇ ಬಾಸ್ಟನ್ ಸುತ್ತಲಿನ 173 ನರ್ಸ್‌ಗಳು ಒಂದು ವರ್ಷದ ಅವಧಿಯಲ್ಲಿ ನಾಲ್ಕು ಬೇರೆ ಬೇರೆ ವಾರ, ತಿಂದದ್ದನ್ನೆಲ್ಲ ತೂಗಿ ಬರೆದಿಟ್ಟರು. ಪ್ರಶ್ನಾವಳಿಯನ್ನು ಎರಡು ಸಲ ತುಂಬಿದರು. ಓದು ಬರಹ ಬಲ್ಲ, ಆರೋಗ್ಯದ ಕೆಲಸವೇ ಮಾಡುವ ಹೆಂಗಸರ ಮಾತನ್ನೇ ಇಷ್ಟು ಕಷ್ಟಪಟ್ಟು ತಾಳೆ ನೋಡಿದರು. ನಮ್ಮ ಅಜ್ಜಿಗೆ ಒಂದು ದಿನದ ತಾಳೆಯೂ ಬೇಡವಾಯಿತೇ?

ತಾಳೆ ನೋಡುವುದರಲ್ಲೂ ಒಂದು ಎಚ್ಚರ ಬೇಕು. ಎರಡು ಅಳತೆಗಳ ನಡುವೆ ಸಹಸಂಬಂಧ, ಅಂದರೆ ಒಂದರಲ್ಲಿ ಹೆಚ್ಚು ಬಂದವರಿಗೆ ಇನ್ನೊಂದರಲ್ಲೂ ಹೆಚ್ಚು ಬರುವ ಹೊಂದಿಕೆ, ಚೆನ್ನಾಗಿ ಬಂದರೆ ಸಾಕು ಎಂದು ಬಹಳ ವರದಿಗಳು ಮುಗಿಸಿಬಿಡುತ್ತವೆ. ಎಲ್ಲರ ಊಟವನ್ನೂ ಒಂದೇ ಸಮನಾಗಿ ಅರ್ಧಕ್ಕೆ ಇಳಿಸಿ ಬರೆದರೂ ಸಹಸಂಬಂಧ ಚೆನ್ನಾಗಿಯೇ ಬರುತ್ತದೆ. ಆದ್ದರಿಂದಲೇ 1986ರಲ್ಲಿ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನೇ ನೇರವಾಗಿ ನೋಡಿ ಎಂದು ಹೇಳಿದ್ದು. ನಿಮ್ಮ ವರದಿಯಲ್ಲಿ ಆ ವ್ಯತ್ಯಾಸ ಕಾಣಬೇಕು. ಪ್ರೋಟೀನಿಗೆ ಮೂತ್ರದ ಸಾರಜನಕ, ಉಪ್ಪಿಗೆ 24 ಗಂಟೆಯ ಮೂತ್ರದ ಸೋಡಿಯಂ, ಹೀಗೆ ನೆನಪನ್ನು ನಂಬದೆ ದೇಹದಿಂದಲೇ ಸಾಕ್ಷಿ ಪಡೆಯುವ ದಾರಿಗಳೂ ಇವೆ. ಎಲ್ಲರಿಗೂ ಮಾಡಲಾಗದಿದ್ದರೆ ಕೆಲವರಿಗಾದರೂ ಮಾಡಬಹುದು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಎರಡನೇ ಸುತ್ತನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ಮೊದಲು ಪ್ರತಿ ತಾಲ್ಲೂಕಿನ ಎರಡು ಮೂರು ಊರುಗಳಲ್ಲಿ, ಒಂದು ನೀರಾವರಿಯದು ಒಂದು ಒಣ ಬೇಸಾಯದ್ದು ಇರುವಂತೆ, ಹೆಂಗಸರನ್ನು ಕೂಡಿಸಿ ಅವರ ಬಾಯಿಂದಲೇ ಅಡುಗೆಗಳ ಹೆಸರು ಬರೆದುಕೊಳ್ಳಿ. ಪಟ್ಟಿ ಅಲ್ಲಿಂದ ಹುಟ್ಟಲಿ. ಆಮೇಲೆ ಪ್ರತಿ ಪ್ರಶ್ನೆಯನ್ನು ಹತ್ತಿಪ್ಪತ್ತು ಮಂದಿಗೆ ಓದಿ ಹೇಳಿ, "ನಾನು ಈಗ ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳ್ರಿ" ಎಂದು ಕೇಳಿ. ತರಕಾರಿ, ತಪ್ಪಲಪಲ್ಯದ ಗೊಂದಲ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ರೊಟ್ಟಿಗೆ ನಾಲ್ಕು ಸಾಲು ಕೊಡಿ, ಪ್ರತಿ ಮನೆಯಲ್ಲಿ ಒಂದನ್ನು ತೂಗಿಸಿ. ನಂತರ ಕೆಲವು ಮನೆಗಳಲ್ಲಿ ಮಳೆಗಾಲದಲ್ಲಿ, ಎಳ್ಳ ಅಮಾವಾಸ್ಯೆಯ ಸುತ್ತ ಮತ್ತು ಬೇಸಿಗೆಯಲ್ಲಿ ತೂಗಿ ಬರೆದ ಊಟದ ಜೊತೆ ಪ್ರಶ್ನಾವಳಿಯ ಉತ್ತರವನ್ನು ತಾಳೆ ನೋಡಿ, ಸಂತೆಯ ದಿನವೂ ಶ್ರಾವಣ ಸೋಮವಾರವೂ ಅದರಲ್ಲಿ ಸೇರಿರಲಿ. ಗುಳೆ ಹೋದವರ ಊಟಕ್ಕೆ ಬೇರೆ ಭಾಗ ಮಾಡಿ, ಬೀಗ ಹಾಕಿದ ಮನೆಗೆ ಅವರು ಮರಳಿದಾಗ ಮತ್ತೆ ಹೋಗುವ ವ್ಯವಸ್ಥೆ ಮಾಡಿ. ಟ್ಯಾಬಿನ ಆ ಎಂಟರ ಮಿತಿಯನ್ನು ಕಿತ್ತುಹಾಕಿ. ದಿನಕ್ಕೆ ಹನ್ನೆರಡು ನಮೂನೆ ತುಂಬಲೇಬೇಕೆಂಬ ಗುರಿಯನ್ನೂ ಇಳಿಸಿ. ನೂರನಲವತ್ತು ಪ್ರಶ್ನೆಗಳ ನಮೂನೆಯನ್ನು ಒಂದೇ ದಿನದಲ್ಲಿ ಹನ್ನೆರಡು ಮನೆಗೆ ಪ್ರಾಮಾಣಿಕವಾಗಿ ಕೇಳಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಮೊದಲ ಸುತ್ತಿನ ಅಂಕಿಗಳನ್ನು ಪ್ರಕಟಿಸುವುದಾದರೆ ಈ ದೋಷಗಳನ್ನೂ ಅದರ ಪಕ್ಕದಲ್ಲೇ ಬರೆಯಿರಿ.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಯಾವ ಊರಲ್ಲಿ ಯಾವ ಅಡುಗೆಗೆ ಏನನ್ನುತ್ತಾರೆ, ಯಾವ ತಿಂಗಳು ಯಾವ ತಪ್ಪಲು ಸಿಗುತ್ತದೆ, ನಾನು ತೂಗಿದ ರೊಟ್ಟಿಗಳ ತೂಕ, ಬೀಗ ಹಾಕಿದ್ದ ಮನೆಗಳ ಎಣಿಕೆ, ಎಲ್ಲ ದಿನಾಂಕ ಹಾಕಿ ಬರೆದಿದ್ದೇನೆ. ಮನೆಯವರ ಹೆಸರುಗಳು ಅದರಲ್ಲಿಲ್ಲ. ನೀವು ರಾಯಚೂರಿಗೆ ಕರೆದರೆ ರಾಯಚೂರಿಗೆ, ಬೆಂಗಳೂರಿಗೆ ಕರೆದರೆ ಬೆಂಗಳೂರಿಗೆ, ತಕ್ಕಡಿಯ ಸಮೇತ ತಂದುಕೊಡುತ್ತೇನೆ. ಅದಕ್ಕೆ ಸಂಬಳ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಷೇತ್ರ ಸಂದರ್ಶಕಿ
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ